ಬೆಂಜಿನ ಹಣೆ

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಕಲ್ಲೇಶಪ್ಪನ ಶೆಡ್ಡಿನಲ್ಲಿ ಓಬಳಪ್ಪ ಹನ್ನೆರಡು ವರ್ಷಗಳಿಂದ ಗಾಡಿಗಳ ನೆಗ್ಗು ತೆಗೆಯುತ್ತಿದ್ದ. ಲಾರಿ, ಬಸ್ಸು, ಜೀಪು, ಅಂಬಾಸಿಡರ್, ಯಾವುದು ಯಾವುದಕ್ಕೆ ಗುದ್ದಿಕೊಂಡು ಬಂದರೂ ಅವನು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಕತ್ತನ್ನು ಎಡಕ್ಕೆ ಪೂರಾ ವಾಲಿಸಿ, ಒಂದು ಕಣ್ಣು ಮುಚ್ಚಿ, ತಗಡಿನ ಮೇಲೆ ಬೆಳಕು ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದು. ಹಾಗೆ ನೋಡಿ ನೋಡಿ ಆ ಕತ್ತಿಗೆ ಅದೇ ಚಾಳಿಯಾಗಿ, ಈಗ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟರೂ ಕತ್ತು ವಾಲಿಸಿ ಪರೀಕ್ಷೆ ಮಾಡಿಯೇ ಮುರಿಯುತ್ತಿದ್ದ.

ನೆಗ್ಗು ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ದಾವಣಗೆರೆಯಲ್ಲೂ ಇರಲಿಲ್ಲ. ಆದರೆ ಅವನಿಗೆ ಬೇಕಾದದ್ದು ಅದಲ್ಲ. ಇನ್ಯಾರೋ ಮಾಡಿದ್ದನ್ನು ಇದ್ದ ಹಾಗೇ ಮಾಡಿಕೊಡುವುದರಲ್ಲಿ ಏನು ಸುಖ? ಒಂದು ಗಾಡಿಗೆ ತನ್ನ ಕೈಯಾರೆ ಮುಖ ಮಾಡಬೇಕು, ಸ್ವಂತ ಶೆಡ್ಡು ಹಾಕಬೇಕು. ಶೆಡ್ಡಿಗೆ ಜಾಗವೇ ಇರಲಿಲ್ಲ, ಬೋರ್ಡನ್ನು ಮಾತ್ರ ಮೂರು ವರ್ಷದ ಹಿಂದೆಯೇ ಬರೆಸಿಟ್ಟಿದ್ದ. 'ಶ್ರೀ ಓಬಳ ನರಸಿಂಹ ಬಾಡಿ ವರ್ಕ್ಸ್. ಪ್ರೊಪ್ರೈಟರ್ ಜಗಳೂರು ಓಬಳಪ್ಪ.' ಅದು ಮಂಚದ ಕೆಳಗೆ ಬೋರಲಾಗಿ ಮಲಗಿತ್ತು. ಕಸ ಗುಡಿಸುವಾಗಲೆಲ್ಲ ಹೆಂಡತಿ ದುರುಗಕ್ಕ ಅದನ್ನು ಎತ್ತಿಟ್ಟು, "ನಿಮ್ಮ ಶೆಡ್ಡಿನಾಗೆ ಬಾಳ ಕಸ ಸೇರ್ಕಂಡೈತ್ರಿ" ಎನ್ನುತ್ತಿದ್ದಳು.

ದುರುಗಕ್ಕನ ಅಪ್ಪ ದಾಸಪ್ಪನದು ಜಗಳೂರಿನಲ್ಲಿ ಟ್ರಂಕು ಮಾಡುವ ಅಂಗಡಿ. ಓಬಳಪ್ಪ ತಗಡಿನ ಕೆಲಸ ಕಲಿತದ್ದೂ ಅಲ್ಲೇ, ಹೆಂಡತಿ ಸಿಕ್ಕಿದ್ದೂ ಅಲ್ಲೇ. ಅಳಿಯ ಊರು ಬಿಟ್ಟದ್ದು ಮಾವನಿಗೆ ಇಂದಿಗೂ ಸರಿಬಂದಿರಲಿಲ್ಲ. ನಿನ್ನ ಸುತ್ತಿಗೆಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ ಬಾ, ಎಂದು ಪ್ರತಿ ಕಾಗದದಲ್ಲೂ ಬರೆಸುತ್ತಿದ್ದ. ಎಂಬತ್ತಾರನೆಯ ಇಸವಿಯ ಯುಗಾದಿಗೆ ಖುದ್ದು ಬಂದವನು ಮಾತನ್ನು ಬಿಗಿ ಮಾಡಿ ಹೋದ. ದಸರಾದ ತನಕ ನೋಡುತ್ತೇನೆ, ಅಷ್ಟರಲ್ಲಿ ಸ್ವಂತ ಶೆಡ್ಡು ಆಗದಿದ್ದರೆ ಆಯುಧ ಪೂಜೆ ದಿನ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಸಾಯುವ ತನಕ ಟ್ರಂಕು. ಓಬಳಪ್ಪ ಹೂಂ ಅಂದ. ಹೆಣ್ಣು ಕೊಟ್ಟ ಮಾವನಿಗೆ, ಅದೂ ಕೆಲಸ ಕಲಿಸಿದ ಮಾವನಿಗೆ, ಇನ್ನೇನು ಹೇಳಲಾದೀತು?

ಅವನ ಅದೃಷ್ಟ ಒಂದು ಎಮ್ಮೆಯ ರೂಪದಲ್ಲಿ ಬಂತು.

ಅಡಿಕೆ ಮಂಡಿಯ ಮಹೇಶ್ವರಪ್ಪ ಆ ಬೇಸಿಗೆಯಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರಿಂದ ಕೆನೆಬಣ್ಣದ ಹಳೇ ಬೆಂಜ್ ಕಾರು ತಂದಿದ್ದರು. ಇಡೀ ತಾಲ್ಲೂಕಿಗೆ ಅದೊಂದೇ. ಅದರ ಎತ್ತರದ ಬೆಳ್ಳಿ ಜಾಲರಿಯ ಮೋರೆ, ಮೂತಿಯ ಮೇಲೆ ಸಣ್ಣ ಬಳೆಯೊಳಗೆ ನಿಂತ ಮೂರು ಕಡ್ಡಿಯ ನಕ್ಷತ್ರ, ಇವನ್ನು ನೋಡಲು ತ್ಯಾವಣಿಗೆಯಿಂದ, ಕತ್ತಲಗೆರೆಯಿಂದ ಜನ ಬರುತ್ತಿದ್ದರು. ಒಂದು ದಿನ ಹೊನ್ನಾಳಿಗೆ ಹೋಗುವಾಗ ಸಾಸ್ವೆಹಳ್ಳಿ ಹತ್ತಿರ ಎಮ್ಮೆಯೊಂದು ರಸ್ತೆ ಮಧ್ಯೆ ನಿಂತು ಆ ಹೊಳೆಯುವ ಮೋರೆಯಲ್ಲಿ ತನ್ನ ಮೋರೆ ಕಂಡಿತು. ಇನ್ನೊಂದು ಎಮ್ಮೆ ಎದುರು ಬಂತೆಂದುಕೊಂಡಿತೋ ಏನೋ, ಸಾಹುಕಾರರು ಗಾಡಿ ನಿಲ್ಲಿಸಿ ಹಾರನ್ನು ಹೊಡೆಯುತ್ತಿದ್ದಂತೆ ತಲೆ ತಗ್ಗಿಸಿ ಹಾಯ್ದೇಬಿಟ್ಟಿತು. ಒಂದಲ್ಲ, ಮೂರು ಸಲ. ಎಮ್ಮೆಗೆ ಏನೂ ಆಗಲಿಲ್ಲ. ನಕ್ಷತ್ರದ ಬಳೆ ಅದರ ಕೋಡಿನ ತುದಿಗೆ ಸಿಕ್ಕಿಕೊಂಡಿತು, ಅದು ಹಾಗೇ ಮನೆಗೆ ಹೋಯಿತು. ಮಾರನೆಯ ದಿನ ಕೇಳಲು ಹೋದರೆ ಎಮ್ಮೆಯ ಯಜಮಾನಿ, "ಅದು ಎಮ್ಮೆಗೆ ಬಂದಿದ್ದು, ನಾನೆಂಗೆ ಕೊಡ್ಲಿ" ಎಂದು ಬಾಗಿಲು ಹಾಕಿಕೊಂಡಳು. ಎಮ್ಮೆಗೆ ಅದು ಒಪ್ಪುತ್ತಿತ್ತು ಕೂಡ.

ಮುಂದಿನ ಮೋರೆ ಬೊಂಬಾಯಿಯಿಂದ ಬರಬೇಕು, ಯಾವಾಗ ಬರುತ್ತದೋ ಹೇಳುವವರಿರಲಿಲ್ಲ. ಮಹೇಶ್ವರಪ್ಪ ಮೂಗು ಕಳೆದುಕೊಂಡ ಬೆಂಜನ್ನು ಕಲ್ಲೇಶಪ್ಪನ ಶೆಡ್ಡಿಗೆ ತಂದು ನಿಲ್ಲಿಸಿ, ಓಬಳಪ್ಪನನ್ನು ಪಕ್ಕಕ್ಕೆ ಕರೆದರು.

"ನಿನ್ನ ಕೈಲಿ ಹೊಸ ಮೋರೆ ಮಾಡಾಕಾಗ್ತೈತೇನೋ?"

ಓಬಳಪ್ಪನ ಎದೆ ಲಾರಿ ಸ್ಟಾರ್ಟಾದ ಹಾಗೆ ಬಡಿಯಿತು. "ಆಗ್ತೈತ್ರಿ ಸಾವ್ಕಾರ್ರೆ" ಅಂದ. ಎಂಥ ಮೋರೆ, ಯಾವುದರಲ್ಲಿ, ಹೆಂಗೆ, ಒಂದನ್ನೂ ಯೋಚಿಸಿರಲಿಲ್ಲ.

"ಹಂಗಾದ್ರೆ ಕೇಳು. ಆಯುಧ ಪೂಜೆ ದಿನ ನಮ್ಮವ್ವ ಇದಕ್ಕೆ ವಿಭೂತಿ ಹಚ್ಚಬೇಕು. ಅವ್ವ ಒಪ್ಪಿ ಪೂಜೆ ಮಾಡಿದ್ರೆ ಮಂಡಿ ಮಗ್ಗಲಿನ ಖಾಲಿ ಗೋದಾಮು ನಿಂದು, ಶೆಡ್ ಹಾಕ್ಕ. ಒಪ್ಪದಿದ್ರೆ ನಿನ್ನ ದಾರಿ ನಿನಗೆ."

ಮಹೇಶ್ವರಪ್ಪನವರ ತಾಯಿ ದ್ಯಾಮಮ್ಮನಿಗೆ ಎಪ್ಪತ್ತೆಂಟು ವರ್ಷ. ಆ ಅಜ್ಜಿ ಮೂರು ಬೆರಳಲ್ಲಿ ವಿಭೂತಿ ಎಳೆದ ಮೇಲೇ ಆ ಮನೆಯ ತಕ್ಕಡಿಯಾಗಲಿ, ಲಾರಿಯಾಗಲಿ, ತಿಜೋರಿಯಾಗಲಿ ವರ್ಷದ ಕೆಲಸಕ್ಕೆ ಅಲುಗಾಡುತ್ತಿದ್ದದ್ದು. ವಿಷಯ ಅಷ್ಟು ಸ್ಪಷ್ಟವಾಗಿತ್ತು. ಅದನ್ನು ಕಲಸಿಹಾಕಲು ಊರಿಗೆ ಒಂದೇ ವಾರ ಸಾಕಾಯಿತು.

ಕಲಸುವುದಕ್ಕೆ ಶುರು ಹಚ್ಚಿದವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿ. ಅವರು ದಾವಣಗೆರೆಯ ರದ್ದಿ ಅಂಗಡಿಯಿಂದ ಪರದೇಶದ ಕಾರಿನ ಪತ್ರಿಕೆಗಳನ್ನು ಆರಿಸಿ ತಂದು, ಓದಿ, ಗೀಟು ಹಾಕಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಸೈಕಲ್ಲು ಬಿಟ್ಟು ಬೇರೆ ಏನನ್ನೂ ಓಡಿಸಿದವರಲ್ಲ. ಆದರೆ ಜರ್ಮನಿಯಲ್ಲಿ ಮುಂದಿನ ವರ್ಷ ಯಾವ ಗಾಡಿಯ ಮೂತಿ ಎಷ್ಟು ಬೆರಳು ತಗ್ಗುತ್ತದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. ಬೆಂಜಿಗೆ ಹೊಸ ಮೋರೆ ಬರುತ್ತದೆ ಎಂದು ಗೊತ್ತಾದ ದಿನ ಒಂದು ಕಂತೆ ಹೊತ್ತುಕೊಂಡು ಮಂಡಿಯ ಜಗುಲಿಗೆ ಬಂದರು.

"ನೋಡ್ರಿ ಸಾವ್ಕಾರ್ರೆ, ಇದು ನಿಮ್ಮ ಗಾಡಿ ಹುಟ್ಟಿದ ಕಾಲದ್ದು. ಇದು ಈಗಿಂದು. ಹಳೇ ಶ್ರೀಮಂತಿಕೆ ಎದ್ದು ನಿಲ್ತಿತ್ತು. ಹೊಸ ಶ್ರೀಮಂತಿಕೆ ಕಾಲು ಚಾಚ್ಕೊಂಡು ಕುಂದರ್ತೈತೆ. ಬೆಂಜಿನೋರೇ ಮೋರೆ ತಗ್ಗಿಸಿ ಅಗಲ ಮಾಡ್ಯಾರೆ. ಗಾಳಿ ಸೀಳ್ಕಂಡು ಹೋಗಬೇಕು ಅಂತ."

"ಚನ್ನಗಿರಿ ಹೊನ್ನಾಳಿ ರೋಡ್ನಾಗೆ ಗುಂಡಿ ದಾಟಿದ್ರೆ ಸಾಕು ಮೇಷ್ಟ್ರೇ, ಗಾಳಿ ಸೀಳೋದು ಆಮೇಲೆ ನೋಡನ" ಅಂದರು ಮಹೇಶ್ವರಪ್ಪ. "ರೋಲ್ಸ್ ರಾಯ್ಸ್ ನೋಡ್ರಿ. ಗುಡಿ ಬಾಗಿಲಂಗೆ ಎದ್ದು ನಿಂತೈತೆ. ಅದನ್ನ ಯಾರಾದ್ರೂ ತಗ್ಗಿಸ್ಯಾರೇನು?"

"ಅದು ಹಳೇ ರಾಜರ ಗತ್ತು. ಹೊಸಬರು ಹೊಳಪನ್ನೇ ಕಮ್ಮಿ ಮಾಡ್ಯಾರೆ. ಬಂಪರಿಗೆ ಕರೇ ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ಕು ನಮ್ಮನೆ ಬಚ್ಚಲ ಬಕೇಟಿಗೂ ಐತೆ. ಅದನ್ನ ತೋರ್ಸಾಕೆ ಬೆಂಜು ಯಾಕೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಇರೋರು ತೋರಿಸ್ಬಾರ್ದು ಸಾವ್ಕಾರ್ರೆ. ತೋರಿಸದೇ ಇದ್ರೂ ಗೊತ್ತಾಗಬೇಕು. ಈಗಿನ ಕಾಲದ ದೊಡ್ಡ ಗಾಡಿ ಅಂದ್ರೆ ಅದು."

"ತೋರಿಸದೇ ಇದ್ರೆ ಗೊತ್ತಾಗೋದು ಹೆಂಗ್ರಿ?"

ಈ ಪ್ರಶ್ನೆಯ ಮೇಲೆ ಊರು ಎರಡು ಪಾರ್ಟಿ ಆಯಿತು. ಎದ್ದು ನಿಂತವರ ಪಾರ್ಟಿ, ಕಾಲು ಚಾಚಿದವರ ಪಾರ್ಟಿ. ಕಾರಿನ ಸ್ಟೇರಿಂಗು ಮುಟ್ಟಿ ಕೂಡ ನೋಡದವರು ಬೆಂಜಿನವರು ಹಾದಿ ತಪ್ಪಿದರು ಎಂದು ಬೇಸರ ಮಾಡಿಕೊಂಡರು. ಹೋಟೆಲಿನಲ್ಲಿ ಕಾಲು ಚಾಚಿದವರು ಟೀಯನ್ನು ಬಸಿಗೆ ಸುರಿದುಕೊಂಡು ಕುಡಿಯತೊಡಗಿದರೆ, ಎದ್ದು ನಿಂತವರು ಬಾಯಿ ಸುಟ್ಟರೂ ಸರಿಯೆಂದು ಲೋಟ ಬಿಡಲಿಲ್ಲ. ಅಡಿಕೆ ಸುಲಿಯುವ ಹೆಂಗಸರು ಕೂಡ ಒಂದು ದಿನ ಅರ್ಧ ಗಂಟೆ ಕೆಲಸ ನಿಲ್ಲಿಸಿ, ಮೇಷ್ಟ್ರ ಪತ್ರಿಕೆ ನೋಡಿ, ಅದರಲ್ಲಿದ್ದ ಯಾವ ಗಾಡಿಗೂ ಲಕ್ಷಣವಿಲ್ಲ ಎಂದು ತೀರ್ಮಾನ ಕೊಟ್ಟರು.

ಓಬಳಪ್ಪ ಎಲ್ಲವನ್ನೂ ಕೇಳುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಒಂದೊಂದೇ ಮಾದರಿ ಮೋರೆ ಮಾಡಿ ಶೆಡ್ಡಿನ ಗೋಡೆಗೆ ನೇತುಹಾಕತೊಡಗಿದ. ಉದ್ದ, ಅಗಲ, ಮೂಲೆ ದುಂಡಗಿನದು, ಮೂಲೆ ಚೂಪಿನದು. ಭಾದ್ರಪದ ಬರುವ ಹೊತ್ತಿಗೆ ಹನ್ನೊಂದು ಮೋರೆ ಆಗಿದ್ದವು. ಅವನಿಗೆ ಊಟ ರುಚಿಸುತ್ತಿರಲಿಲ್ಲ, ಆದರೆ ಇಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಬುತ್ತಿ ತಂದ ದುರುಗಕ್ಕ ಸಾಲಾಗಿ ಎಲ್ಲವನ್ನೂ ನೋಡಿ, ಏಳನೆಯದರ ಮುಂದೆ ನಿಂತು, "ಇದು ಥೇಟ್ ನಮ್ಮಪ್ಪನಂಗೈತಲ್ರಿ" ಅಂದಳು. ಓಬಳಪ್ಪ ಆ ಕ್ಷಣವೇ ಅದನ್ನು ಕೆಳಗಿಳಿಸಿದ.

ಊರು ಒಪ್ಪಲಿಲ್ಲ, ನೆಂಟರಾದರೂ ಒಪ್ಪಲಿ ಎಂದು ಮಹೇಶ್ವರಪ್ಪ ಎರಡು ತಗಡಿನ ಮೋರೆ ಆರಿಸಿಕೊಂಡು, ಓಬಳಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಭಾನುವಾರ ಪ್ರವಾಸ ಹೊರಟರು. ಹೊನ್ನಾಳಿಯಲ್ಲಿ ಅವರ ಬೀಗರು ಕೊಟ್ರಬಸಪ್ಪ ಇದ್ದರು. ನ್ಯಾಮತಿಯಲ್ಲಿ ಅಕ್ಕ ಅನ್ನಪೂರ್ಣಮ್ಮ ಇದ್ದರು. ಸಾಸ್ವೆಹಳ್ಳಿ ದಾಟುವಾಗ ಅದೇ ಎಮ್ಮೆ ರಸ್ತೆ ಬದಿಯಲ್ಲಿ ಮೇಯುತ್ತಿತ್ತು, ಕೋಡಿನಲ್ಲಿ ನಕ್ಷತ್ರ ಮಿಂಚುತ್ತಿತ್ತು. ತಗಡಿನ ಮೋರೆಯ ಬೆಂಜನ್ನು ಅದು ತಲೆಯೆತ್ತಿ ನೋಡಿ, ಇದರ ಜೊತೆ ತನಗೇನು ಎಂಬಂತೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಸಾಹುಕಾರರಿಗೆ ಅದು ಅವಮಾನವೆನ್ನಿಸಿತು.

ಹೊನ್ನಾಳಿಗೆ ಹೋದದ್ದು ಎತ್ತರದ ಮೋರೆ. ಕೊಟ್ರಬಸಪ್ಪ ಗಾಡಿಯನ್ನು ಎರಡು ಸುತ್ತು ಹಾಕಿದರು. "ಬೀಗರೆ, ತಪ್ಪು ತಿಳ್ಕಬ್ಯಾಡ್ರಿ. ಇದು ಗಾಡಿನೋ, ಬಟ್ಟೆ ಇಡೋ ಬೀರುನೋ? ಸ್ವಲ್ಪ ಅಗಲ ಮಾಡಿಸ್ರಿ. ಈಗಿನೋರು ಎಲ್ಲಾ ಅಗಲ ಮಾಡ್ತಾರೆ."

ತುಂಗಭದ್ರೆಯ ದಡದಲ್ಲಿ ಗಾಡಿ ನಿಲ್ಲಿಸಿ ಓಬಳಪ್ಪ ಕಟ್ಟಿದ್ದ ತಂತಿ ಬಿಚ್ಚಿ ಮೋರೆ ಬದಲಾಯಿಸಿದ. ನ್ಯಾಮತಿಗೆ ಹೋದದ್ದು ಅಗಲದ ಮೋರೆ. ಅನ್ನಪೂರ್ಣಮ್ಮ ಬಾಗಿಲಲ್ಲೇ ನಿಂತು ತಲೆಯ ಮೇಲೆ ಸೆರಗು ಹೊದ್ದು ನೋಡಿದರು. "ಇಷ್ಟಗಲ ಬಾಯಿ ತಕ್ಕಂಡು ಯಾರನ್ನ ನುಂಗಾಕೆ ಬಂದಿಯೋ ತಮ್ಮಾ? ಉದ್ದ ಮಾಡ್ಸು. ಅಪ್ಪನ ಮುಖ ಉದ್ದ ಇತ್ತು, ನಮ್ಮ ಮನೇತನದ್ದೇ ಉದ್ದ ಮುಖ."

ವಾಪಸು ಬರುವಾಗ ಮಹೇಶ್ವರಪ್ಪ ದಾರಿಯ ಗುಂಡಿಗಳನ್ನೆಲ್ಲ ಬೈದುಕೊಂಡು ಗಾಡಿ ಓಡಿಸಿದರು. ಓಬಳಪ್ಪನಿಗೆ ಮಾತ್ರ ಒಳಗೊಳಗೇ ನಗು. ಮೂರು ಊರು, ಎರಡು ಪಾರ್ಟಿ, ಹನ್ನೊಂದು ಮೋರೆ, ಒಂದು ಅತೃಪ್ತ ಎಮ್ಮೆ. ಆಮೇಲೆ ದಸರಾಕ್ಕೆ ಹದಿನೆಂಟೇ ದಿನ ಎಂದು ನೆನಪಾಗಿ ನಗು ನಿಂತಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. "ಎದ್ದು ನಿಂತ್ರೆ ಹೊನ್ನಾಳಿಯೋರು ಒಪ್ಪಲ್ಲ. ಕಾಲು ಚಾಚಿದ್ರೆ ನ್ಯಾಮತಿಯೋರು ಒಪ್ಪಲ್ಲ. ಇನ್ನೇನ್ ಮಾಡಾಕಾಗ್ತೈತೆ?"

ದುರುಗಕ್ಕ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತದೆ ಅಂದಳು, "ಹಂಗಾರೆ ಚಕ್ಕಳಮಕ್ಕಳ ಹಾಕ್ಕೊಂಡು ಕುಂದರ್ಲಿ ಬಿಡ್ರಿ."

ಓಬಳಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಉದ್ದವೂ ಬೇಡ, ಅಗಲವೂ ಬೇಡ. ಎರಡು ಗೇಣು ಹೀಗೆ, ಎರಡು ಗೇಣು ಹಾಗೆ, ನೂಲಿನೆಳೆಯಷ್ಟೂ ವ್ಯತ್ಯಾಸವಿಲ್ಲದ ಚೌಕ. ಮಹೇಶ್ವರಪ್ಪ ಕೇಳಿ, ಮೂಗು ಮುರಿದು, ಒಂದೇ ಷರತ್ತು ಹಾಕಿದರು. ಚೌಕಟ್ಟು ಹೆಂಗಾದರೂ ಇರಲಿ, ಒಳಗಿನ ಪಟ್ಟಿಗಳಾದರೂ ಎದ್ದು ನಿಂತಿರಬೇಕು. ಓಬಳಪ್ಪನಿಗೂ ಅದೇ ಬೇಕಾಗಿತ್ತು. ಮೇಲಿಂದ ಕೆಳಕ್ಕೆ ಇಳಿದ ಗೆರೆ ಎಂದರೆ ಅವನ ಕಣ್ಣಿಗೆ ಚಿಕ್ಕಂದಿನಿಂದ ಹಿತ.

ಆ ಹದಿನೆಂಟು ದಿನ ಅವನು ಮನುಷ್ಯನಂತಿರಲಿಲ್ಲ. ಟ್ರಂಕಿನ ಅಂಚಿಗೆ ಬಡಿಯುವ ಪಟ್ಟಿಯನ್ನೇ ತಂದು, ಒಂದು ಬೆರಳಗಲಕ್ಕೆ ಕತ್ತರಿಸಿ, ಉಜ್ಜಿ, ದಾವಣಗೆರೆಗೆ ಹೋಗಿ ನಿಕ್ಕಲ್ ಮಾಡಿಸಿ, ರೇಡಿಯೇಟರಿಗೆ ಗಾಳಿ ಹೋಗಲೆಂದು ನಡುವೆ ಅರ್ಧ ಬೆರಳು ಸಂದು ಬಿಟ್ಟು, ಹದಿಮೂರು ಪಟ್ಟಿ ಕೂರಿಸಿದ. ಬೋಲ್ಟು ಹಾಕುವ ಹಳೇ ತೂತುಗಳನ್ನು ಎಮ್ಮೆ ಹರಿದುಹಾಕಿತ್ತು. ಅದಕ್ಕೇ ನಾಲ್ಕು ಮೂಲೆಗೂ ಟ್ರಂಕಿನ ಕೊಂಡಿಗಳನ್ನೇ ಹಾಕಿ, ಟಕ್ ಎಂದು ಕೂರುವ ಹಾಗೆ ಮಾಡಿದ. ಎಲ್ಲ ಮುಗಿದ ಮೇಲೆ ಕತ್ತು ವಾಲಿಸಿ ಒಂದು ಕಣ್ಣು ಮುಚ್ಚಿದ. ಬೆಳಕು ಎಲ್ಲೂ ಮುಗ್ಗರಿಸಲಿಲ್ಲ. ತಾನೇ ಮಾಡಿದ್ದು ಎಂದು ನಂಬಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಯುಧ ಪೂಜೆಯ ಬೆಳಗ್ಗೆ ಚನ್ನಗಿರಿಯ ಸುತ್ತಿಗೆ, ಸ್ಪ್ಯಾನರು, ಕತ್ತಿ, ಗರಗಸ ಎಲ್ಲವೂ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಹೂವಿನ ಕೆಳಗೆ ದೇವರಾಗಿ ಕೂತವು. ಇನ್ನು ಮಾರನೆಯ ದಿನದ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಊರಿನಲ್ಲಿ ಒಂದು ಮೊಳೆ ಹೊಡೆಯಬೇಕೆಂದರೂ ಆಗದ ದಿನ ವರ್ಷಕ್ಕೆ ಅದೊಂದೇ.

ಮೊದಲ ಬಸ್ಸಿಗೆ ಮಾವ ದಾಸಪ್ಪ ಇಳಿದ. ಎರಡೂ ಕೈಯಲ್ಲಿ ಒಂದೊಂದು ಹೊಸ ಟ್ರಂಕು. "ನಿಮ್ಮ ಸಾಮಾನು ತುಂಬಾಕೆ ತಂದೀನಿ" ಅಂದ. ದುರುಗಕ್ಕನ ಮುಖ ಬಾಡಿತು. ಅವಳು ಮಂಚದ ಕೆಳಗಿನ ಬೋರ್ಡಿನ ಧೂಳು ಹೊಡೆದು ಸೆರಗಿನಲ್ಲಿ ಒರೆಸಿದಳು. ಓಬಳಪ್ಪ ಅದನ್ನು ನೋಡಿ, ನೋಡದವನಂತೆ ಹೊರಗೆ ಹೋದ. ಅವನಿಗೆ ಅಳು ಬರುವಂತಾಗಿತ್ತು.

ಮಂಡಿಯ ಮುಂದೆ ಜನವೋ ಜನ. ಹೊನ್ನಾಳಿಯಿಂದ ಬೀಗರು ಬಂದಿದ್ದರು, ನ್ಯಾಮತಿಯಿಂದ ಅಕ್ಕ ಬಂದಿದ್ದರು, ಮೇಷ್ಟ್ರು ಹೊಸ ಪತ್ರಿಕೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಬಾಳೆಕಂದು ಕಟ್ಟಿದ್ದ ಬೆಂಜಿನ ಮೋರೆಯ ಮೇಲಿನ ಜಮಖಾನವನ್ನು ಮಹೇಶ್ವರಪ್ಪ ತೆಗೆದರು. ಬಿಸಿಲು ಬಿದ್ದು ಹದಿಮೂರು ಪಟ್ಟಿಯೂ ಒಟ್ಟಿಗೇ ಮಿಂಚಿದವು. ಎರಡೂ ಪಾರ್ಟಿಯವರು ಏಕಕಾಲಕ್ಕೆ ಗೆದ್ದವರ ಹಾಗೆ ಗಲಗಲ ಶುರು ಮಾಡಿದರು.

"ನೋಡ್ರಿ, ಅಗಲ ಐತೆ" ಅಂದರು ಕೊಟ್ರಬಸಪ್ಪ.

"ಅದೆಂಗೆ, ಉದ್ದ ಐತಲ್ಲ" ಅಂದರು ಅನ್ನಪೂರ್ಣಮ್ಮ.

ಓಬಳಪ್ಪನಿಗೆ ಉಸಿರು ಬಂತು. ಅಷ್ಟರಲ್ಲಿ ದ್ಯಾಮಮ್ಮಜ್ಜಿ ಕೋಲೂರಿಕೊಂಡು ಬಂದರು. ನೆನೆಸಿದ ವಿಭೂತಿಯ ಬಟ್ಟಲಲ್ಲಿ ಮೂರು ಬೆರಳು ಅದ್ದಿ, ಶಿವಶಿವ ಎಂದು, ಮೋರೆಯ ಎಡದಂಚಿನಿಂದ ಬಲಕ್ಕೆ ಎಳೆದರು.

ಕಟಕಟಕಟ ಎಂದು ಸದ್ದಾಯಿತು. ಕಿಟಕಿಯ ಸರಳಿನ ಮೇಲೆ ಕೈ ಎಳೆದ ಹಾಗೆ ಬೆರಳುಗಳು ಪಟ್ಟಿಯಿಂದ ಪಟ್ಟಿಗೆ ಹಾರಿದವು. ವಿಭೂತಿ ಪಟ್ಟಿಯ ಅಂಚಿಗೆ ಸಿಕ್ಕಿ ಸಂದಿನೊಳಗೆ ಉದುರಿತು. ಗೆರೆ ಇಲ್ಲ, ಬರೀ ಚುಕ್ಕೆ. ಅಜ್ಜಿ ಒರೆಸಿ ಇನ್ನೊಂದು ಸಲ ಎಳೆದರು. ಮತ್ತೆ ಕಟಕಟ, ಮತ್ತೆ ಚುಕ್ಕೆ.

"ಅವ್ವಾ, ಬಾನೆಟ್ಟಿನ ಮ್ಯಾಲೆ ಹಚ್ಚು" ಅಂದರು ಮಹೇಶ್ವರಪ್ಪ ಮೆಲ್ಲಗೆ.

"ಅದು ನೆತ್ತಿ ಕಣೋ. ನೆತ್ತಿಗೆ ಹಚ್ಚೋದು ಎಣ್ಣೆ. ವಿಭೂತಿ ಹಣೆಗೆ ಹಚ್ಚೋದು. ಎಲ್ಲೈತೆ ಇದರ ಹಣೆ?"

ಎಲ್ಲಿದೆ ಅದರ ಹಣೆ? ಮೂರು ತಿಂಗಳು ಮೂರು ಊರು ಬೆಂಜಿನ ಉದ್ದ ಅಗಲ, ಹೊಳಪು, ಗಾಳಿ, ಜರ್ಮನಿ, ಎಲ್ಲವನ್ನೂ ಅಗೆದು ನೋಡಿದ್ದವು. ವಿಭೂತಿ ಎಲ್ಲಿ ಹಚ್ಚುವುದು ಎಂದು ಒಬ್ಬನೇ ಒಬ್ಬ ಕೇಳಿರಲಿಲ್ಲ. ಮೇಷ್ಟ್ರು ಕಂಕುಳಲ್ಲಿದ್ದ ಪತ್ರಿಕೆಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡರು.

ಅಜ್ಜಿಯ ಕಣ್ಣು ಜನರಲ್ಲಿ ಓಬಳಪ್ಪನನ್ನು ಹುಡುಕಿ ಹಿಡಿಯಿತು. ಹಬ್ಬವೆಂದು ಅವನು ಮನೆದೇವರು ಓಬಳ ನರಸಿಂಹನ ಕೆಂಪು ಗೆರೆಯನ್ನು ಹಣೆಯ ಮೇಲೆ ನೆಟ್ಟಗೆ ಎಳೆದುಕೊಂಡಿದ್ದ. ಅಜ್ಜಿ ಅವನ ಹಣೆ ನೋಡಿದರು, ಬೆಂಜಿನ ಪಟ್ಟಿ ನೋಡಿದರು.

"ನಿನ್ನ ಹಣೆ ನೋಡ್ಕಂಡು ಮಾಡಿದ್ಯಲ್ಲಪ್ಪ. ನನ್ನ ಹಣೆ ನೋಡ್ಲಿಲ್ಲ."

ಬೈಗುಳವಾಗಿರಲಿಲ್ಲ ಅದು, ಅದಕ್ಕೇ ಇನ್ನೂ ಚುರುಕ್ಕೆಂದಿತು. ನಗು ಜನರ ನಡುವೆ ಹರಿದಾಡಿತು. ಮಹೇಶ್ವರಪ್ಪ ನೆಲ ನೋಡಿದರು. "ಪಟ್ಟಿ ಕಿತ್ತು ಬ್ಯಾರೆ ಹಾಕಾಕೆ ಆಗಲ್ಲೇನೋ?"

"ಸುತ್ತಿಗೆ ಮುಟ್ಟಂಗಿಲ್ಲಲ್ರಿ ಸಾವ್ಕಾರ್ರೆ, ಇವತ್ತು" ಅಂದ ಓಬಳಪ್ಪ. ಜನರ ಹಿಂದೆ ಎರಡು ಟ್ರಂಕುಗಳ ನಡುವೆ ಮಾವ ನಿಂತಿರುವುದು ಕಾಣುತ್ತಿತ್ತು. ನಾಳೆ ಈ ಹೊತ್ತಿಗೆ ಜಗಳೂರು, ನಾಡಿದ್ದಿನಿಂದ ಟ್ರಂಕು. ಅವನಿಗೆ ಬೆಂಜಿನ ಮೋರೆಯನ್ನು ಕೊನೆಯ ಸಲ ಸರಿಯಾಗಿ ನೋಡಬೇಕೆನ್ನಿಸಿತು. ನೋಡುವುದೆಂದರೆ ಅವನಿಗೆ ಬರುತ್ತಿದ್ದದ್ದು ಒಂದೇ ರೀತಿ. ಕತ್ತು ಎಡಕ್ಕೆ ವಾಲಿತು, ಒಂದು ಕಣ್ಣು ಮುಚ್ಚಿತು.

ಹದಿಮೂರು ಪಟ್ಟಿಯೂ ಅಡ್ಡ ಮಲಗಿದವು.

ಓಬಳಪ್ಪ ಕತ್ತು ನೆಟ್ಟಗೆ ಮಾಡಿದ. ಎದ್ದು ನಿಂತವು. ವಾಲಿಸಿದ. ಮಲಗಿದವು. ಅವನು ಒಂದೇ ಸಮನೆ ಕತ್ತು ಆಡಿಸುವುದನ್ನು ನೋಡಿ ದುರುಗಕ್ಕ ಗಾಬರಿಯಿಂದ, "ಏನಾತ್ರಿ" ಅಂದಳು. ಚೌಕ. ನೂಲಿನೆಳೆಯಷ್ಟೂ ವ್ಯತ್ಯಾಸವಿಲ್ಲದ ಚೌಕ. ನಾಲ್ಕು ಮೂಲೆಗೆ ಟ್ರಂಕಿನ ಕೊಂಡಿ. ಕೊಂಡಿ ತೆಗೆಯಲು ಸುತ್ತಿಗೆ ಯಾಕೆ, ಹೆಬ್ಬೆರಳು ಸಾಕು.

ಜನರನ್ನು ಸರಿಸಿಕೊಂಡು ಹೋಗಿ ಅಜ್ಜಿಗೆ ಕೈ ಮುಗಿದು, ಟಕ್ ಟಕ್ ಟಕ್ ಟಕ್ ಎಂದು ನಾಲ್ಕು ಕೊಂಡಿ ಬಿಚ್ಚಿದ. ಮೋರೆಯನ್ನು ಎದೆಗೆ ಅವುಚಿಕೊಂಡು ಈಚೆಗೆ ತೆಗೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಅದೇ ಜಾಗದಲ್ಲಿಟ್ಟು ಟಕ್ ಟಕ್ ಟಕ್ ಟಕ್. ಅಷ್ಟೇ. ಕರ್ಪೂರದ ಬಿಲ್ಲೆ ಅರ್ಧ ಉರಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಈಗ ಎಳೀರಿ ಅಜ್ಜಿ."

ದ್ಯಾಮಮ್ಮ ಮೂರು ಬೆರಳು ಅದ್ದಿ ನಡುವಿನ ಮೂರು ಪಟ್ಟಿಗಳ ಮೇಲಿಟ್ಟರು. ಒಂದು ಬೆರಳಿಗೆ ಒಂದು ಪಟ್ಟಿ, ಹೇಳಿ ಮಾಡಿಸಿದ ಹಾಗೆ. ಬೆರಳುಗಳು ಎಲ್ಲೂ ತಡೆಯದೆ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋದವು. ಬೆಂಜಿನ ಹಣೆಯ ಮೇಲೆ ಬೆಳ್ಳಗೆ, ಅಗಲವಾಗಿ, ಮೂರು ಗೆರೆ ನಿಂತವು. ಅಜ್ಜಿಗೆ ಅದು ಎಷ್ಟು ಹಿಡಿಸಿತೆಂದರೆ ಅಗತ್ಯವಿಲ್ಲದಿದ್ದರೂ ಇನ್ನೊಂದು ಸಲ ಎಳೆದರು.

"ಇದಕ್ಕೆ ಹಣೆ ಅಂತಾರೆ" ಅಂದರು. "ಮೇಷ್ಟ್ರೇ, ನಿಮ್ಮ ಬೆಂಜಿನೋರಿಗೆ ಒಂದು ಕಾಗದ ಹಾಕ್ರಿ. ಗಾಡಿ ಉದ್ದ ಮಾಡ್ಲಿ ಅಗಲ ಮಾಡ್ಲಿ, ಹಣೆ ಇಲ್ಲದಂಗೆ ಮಾಡಬ್ಯಾಡ್ರಿ ಅಂತ."

ಮೇಷ್ಟ್ರು ನಿಜವಾಗಿಯೂ ಪತ್ರಿಕೆಯ ಅಂಚಿನಲ್ಲಿ ಅದನ್ನು ಬರೆದುಕೊಂಡರು. ಆಮೇಲೆ ಕುಂಬಳಕಾಯಿ ಒಡೆದದ್ದು, ಹೋಳಿಗೆ ಹಂಚಿದ್ದು, ಎರಡೂ ಪಾರ್ಟಿಯವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಇದು ತಮ್ಮದೇ ಐಡಿಯಾ ಎಂದದ್ದು ಯಾವುದೂ ಓಬಳಪ್ಪನಿಗೆ ಸರಿಯಾಗಿ ನೆನಪಿಲ್ಲ. ಒಂದು ನೆನಪಿದೆ. ಶಿವಮೊಗ್ಗದ ಕಡೆಯ ಬಸ್ಸೊಂದು ನಿಂತು, ಕಿಟಕಿಯಿಂದ ಯಾರೋ ತಲೆ ಹಾಕಿ ಕೇಳಿದ್ದರು, "ಯಾವ ಕಂಪನಿ ಗಾಡಿ ಸ್ವಾಮಿ ಇದು? ಇಂಥದು ನೋಡೇ ಇಲ್ಲ."

"ಕಂಪನಿದು ಸಾಸ್ವೆಹಳ್ಳಿ ಎಮ್ಮೆ ಹತ್ರ ಐತ್ರಿ" ಅಂದರು ಮಹೇಶ್ವರಪ್ಪ. "ಇದು ನಮ್ಮ ಓಬಳಪ್ಪಂದು."

ಹಾಗೆಂದು ಗೋದಾಮಿನ ಬೀಗದಕೈಯನ್ನು ಹೋಳಿಗೆಯ ತಟ್ಟೆಯಲ್ಲೇ ಇಟ್ಟು ಕೊಟ್ಟರು. ಓಬಳಪ್ಪ ಅದರ ತುಪ್ಪ ಒರೆಸಿಕೊಂಡು ತಗೊಂಡ.

ಮಾವ ದಾಸಪ್ಪ ಬೆಂಜಿನ ಹತ್ತಿರ ಬಂದು ಒಂದು ಕೊಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ನೋಡಿದ. "ಇದು ನಮ್ಮ ಅಂಗಡಿ ಕೊಂಡಿ" ಅಂದ, ಮೊದಲು ಅಳಿಯನಿಗೆ, ಆಮೇಲೆ ಬೀಗರಿಗೆ, ಆಮೇಲೆ ಪರಿಚಯವಿಲ್ಲದವರಿಗೆಲ್ಲ. ಟ್ರಂಕಿನ ಮಾತು ಎತ್ತಲಿಲ್ಲ.

ದುರುಗಕ್ಕ ಯಾವ ಮಾಯದಲ್ಲೋ ಮನೆಗೆ ಓಡಿಹೋಗಿ ಬೋರ್ಡು ತಂದಿದ್ದಳು. ಗೋದಾಮಿನ ಬಾಗಿಲ ಮೇಲೆ ಅದನ್ನು ಏರಿಸಿ ನೋಡಿ, ಎಲ್ಲರೂ ಸುತ್ತಿಗೆಗಾಗಿ ತಡಕಾಡಿದರು. ಮೊಳೆ ಹೊಡೆಯುವಂತಿಲ್ಲ. ಸುತ್ತಿಗೆ ನಾಳೆ ತನಕ ದೇವರು.

"ನಾಳೆ ಹಾಕಿದ್ರಾತು ಬಿಡು" ಅಂದರು ಮಹೇಶ್ವರಪ್ಪ.

"ಮೂರು ವರ್ಷ ಬೋರಲು ಮಲಗಿತ್ರಿ" ಅಂದ ಓಬಳಪ್ಪ. "ಇವತ್ತು ಒಂದಿನ ನಿಂದ್ರಲಿ."

ಸಾಮಾನು ತುಂಬಲು ತಂದಿದ್ದ ಟ್ರಂಕುಗಳಲ್ಲಿ ಒಂದರ ಮೇಲೆ ಅವನು ಹತ್ತಿ ಬೋರ್ಡಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದ. ಇನ್ನೊಂದು ಟ್ರಂಕಿನ ಮೇಲೆ ಮಾವ ಹತ್ತಿ ಇನ್ನೊಂದು ತುದಿ ಹಿಡಿದ. ಜನ ಬಂದು ಓದಿ, ನಕ್ಕು, ಬಾಯಿಗೆ ಹೋಳಿಗೆ ಇಟ್ಟು ಹೋಗುತ್ತಿದ್ದರು. ಮಾವ ಕುಳ್ಳ, ಹಾಗಾಗಿ ಬೋರ್ಡು ಎಡಕ್ಕೆ ಇಳಿದಿತ್ತು.

"ಸೊಟ್ಟಗೈತ್ರಿ" ಎಂದಳು ಕೆಳಗಿಂದ ದುರುಗಕ್ಕ, ನಗು ತಡೆಯಲಾರದೆ.

ಓಬಳಪ್ಪ ಕತ್ತು ಎಡಕ್ಕೆ ವಾಲಿಸಿ ಒಂದು ಕಣ್ಣು ಮುಚ್ಚಿ ನೋಡಿದ. ಅವನಿಗೆ ನೆಟ್ಟಗೇ ಕಂಡಿತು.